ಮೊದಲ ಬಾಗಲಾ

ಪರದೆಯ ಎಡಗಡೆ ಮೂಲ್ಯಾಗ ಸಣ್ಣ ಅಕ್ಷರ:
ಹುಡುಕುತ್ತಿದೆ, ಹುಡುಕುತ್ತಿದೆ.
ಪುಟ ಬಂದಿಲ್ಲ, ಬರೋ ದಾರಿನೂ ಹಿಡಿದಿಲ್ಲ,
ಬರೇ ಮನಿ ಎಲ್ಲೈತಿ ಅಂತ
ಯಾರನ್ನೋ ಕೇಳಲಿಕ್ಕೆ ಹೋಗೈತಿ.

ಝುವಾರಿನಗರದ ಗುಡ್ಡದ ಮ್ಯಾಲೆ ನನ್ನ ಅಂಗಡಿ,
ಆರು ಫೂಟು, ಎಂಟು ಫೂಟು, ಮ್ಯಾಲೆ ತಗಡು.
ಬಾಕಿನ ಮ್ಯಾಲೆ ಹುಲಿಗೆವ್ವ, ಕೈಯಾಗ ಪಾಸಬುಕ್ಕು,
ಅಕಿ ಮಗ್ಗಲ ಗೌಂಡಿ ಯಮನೂರಪ್ಪ, ಲೇಬರ್ ಕಾರ್ಡಿಗೆ ಬಂದಾಂವ,
ಹೊರಗ ಬಿಸಲಾಗ ಇನ್ನೂ ನಾಕು ಮಂದಿ.
ದಾಬೋಳಿಗೆ ಇಳಿಯೋ ವಿಮಾನ
ತಗಡು ನಡುಗಿಸಿ ಹೋತು.
"ಅದು ದಿಲ್ಲಿಯಿಂದ ಬಂದು ಮುಟ್ಟಿತು,
ನಿನ್ನ ಪುಟ ಪಣಜಿಯಿಂದ ಇನ್ನೂ ಬರವಲ್ದು"
ಅಂದ್ಲು ಹುಲಿಗೆವ್ವ.

ಮೊದಲು ಬ್ರೌಸರನ್ನ ಬೈದೆ.
ಹಿಸ್ಟರಿ ಅಳಿಸಿದೆ, ಕುಕೀ ಬಳದು ಚೆಲ್ಲಿದೆ,
ಯಾವನೋ ಹುಡುಗ ಹಾಕಿ ಹೋದ ಮೂರು ಎಕ್ಸ್‌ಟೆನ್ಷನ್ ಕಿತ್ತೆ.
ಬ್ಯಾರೆ ಬ್ರೌಸರ್ ತಂದು ಕೂಡಿಸಿದೆ,
ಅದೂ ಗಲ್ಲಕ್ಕ ಕೈ ಹಚ್ಚಿ ಕುಂತಿತು.
ಕೇಬಲಿನ ವಾಮನ ಫೋನಿನ್ಯಾಗ ಅಂದ:
ಬಂದ್ ಕರ, ಚಾಲು ಕರ, ಬಾಯ್.
ಎಂಟು ಸಲ ಮಾಡಿದೆ.

ಒಂದು ಮಾತು ಮಾತ್ರ ತಲ್ಯಾಗ ಕೊರೀತಿತ್ತು:
ಒಮ್ಮೆ ಸಿಕ್ಕ ಮನಿ ಎರಡನೇ ಸಲ ತಡಾ ಮಾಡೂದಿಲ್ಲ,
ಹೊಸಾ ಹೆಸರು ಹೊಡದ್ರ ಮಾತ್ರ ನಿಂತುಬಿಡತೈತಿ.
ತಡಾ ರಸ್ತೇದಲ್ಲ.
ವಿಳಾಸ ಕೇಳೂದ್ರಾಗ.

ರಾತ್ರಿ ಅರ್ಧ ಶಟರ್ ಎಳದು ಕರೀ ಕಿಟಕಿ ತಗದೆ.
ನಾಕು ಅಂಕಿ, ನಡುವ ಚುಕ್ಕಿ ಹಚ್ಚಿ ಕರದೆ:
ಹನ್ನೆರಡು ಮಿಲಿಸೆಕೆಂಡಿಗೆ ಓ ಅಂತು.
ಹೆಸರಿಟ್ಟು ಕರದೆ:
ಒಂದು. ಎರಡು. ಮೂರು. ನಾಕು. ಐದು.
ಆಮ್ಯಾಲೆ ಓ ಅಂತು.
ಮತ್ತೊಂದು ಹೆಸರು. ಮತ್ತ ಐದು.
ದಣಿದ ತಂತಿ ಹಿಂಗ ಲೆಕ್ಕಾ ಇಟ್ಟು ದಣಿಯೂದಿಲ್ಲ.
ಇದು ಯಾರೋ ಯಾರದೋ ಹಾದಿ ಕಾಯೋ ಐದು.

ರೌಟರಿನ ಒಳಗ ಇಳದು ನೋಡಿದ್ರ
ಹೆಸರು ಕೇಳಲಿಕ್ಕೆ ಇಬ್ಬರನ್ನ ಬರದಿತ್ತು.
ಎರಡನೆಯವ ಎಚ್ಚರಿದ್ದ.
ಮೊದಲನೆಯವ ಹಳೇ ಕೇಬಲ್ ಕಂಪನಿಯವ,
ಕಂಪನಿ ಮುಚ್ಚಿ ಎರಡು ಮಳಿಗಾಲ ಆಗೇತಿ.
ಇದು ದಿನಾ ಮೊದಲು ಅವನ ಬಾಗಲಾನ ಬಡೀತೈತಿ,
ಒಳಗಿಂದ ಇಲ್ಲ ಅನ್ನವರೂ ಇಲ್ಲ,
ಅದಕ್ಕ ಐದು ಸೆಕೆಂಡು ಮರ್ಯಾದಿಲೆ ನಿಂತು
ಮುಂದಿನ ಮನಿಗೆ ಹೋಗತೈತಿ.

ನನಗ ಮೋದಿನಸಾಬ ನೆನಪಾದ,
ಮೂಲಿ ಮ್ಯಾಲಿನ ಪಂಚರ್ ಡಬ್ಬಿಯವ.
ನಮ್ಮ ಗಲ್ಲ್ಯಾಗ ಮನಿಗಳಿಗೆ ನಂಬರಿಲ್ಲ,
ಇದ್ದವೂ ಒಂದರ ಮಗ್ಗಲ ಒಂದು ಕುಂದರೂದಿಲ್ಲ.
"ಗಜೇಂದ್ರಗಡದ ಗೌಂಡಿ, ಹೆಂಡ್ತಿ ಮೀನು ಮಾರತಾಳ"
ಅಂದ್ರ ಸಾಕು, ಟ್ಯೂಬಿನಿಂದ ಕಣ್ಣೆತ್ತದ ಹೇಳತಿದ್ದ:
ಎರಡನೇ ನಳ, ನೀಲಿ ತಾಡಪತ್ರಿ, ನಾಯಿ ಕಚ್ಚೂದಿಲ್ಲ.
ಪೋಸ್ಟಮನ್ ಇನಾಸನ ಚೀಲ
ಅರ್ಧ ಅಲ್ಲೇ ಹಗರಾಗತಿತ್ತು.

ಸತ್ತು ಎಂಟು ತಿಂಗಳಾತು.
ಇನಾಸ ಇವತ್ತಿಗೂ ಮೊದಲು ಅಲ್ಲೇ ಸೈಕಲ್ ನಿಂದರಸತಾನ,
ಕೀಲಿ ಹಾಕಿದ ಡಬ್ಬಿ ನೋಡತಾನ,
ಒಂದು ಬೀಡಿ ಹಚ್ಚತಾನ,
ಆಮ್ಯಾಲೆ ನನ್ನ ಅಂಗಡಿಗೆ ಬಂದು ಕೇಳತಾನ.
ನನಗ ಅರ್ಧ ಗೊತ್ತು,
ಉಳಿದರ್ಧ ಹುಲಿಗೆವ್ವನ್ನ ಕೇಳಿ ಹೇಳತೇನಿ.

ಮೊದಲಿನ ಅಂಕಿ ಅಳಿಸಿದೆ.
ಎರಡನೇದನ್ನ ಮ್ಯಾಲೆ ತಂದೆ.
ಹೆಸರು ಹೊಡದು
ಒಂದು ಅನ್ನಲಿಕ್ಕೆ ಬಾಯಿ ತಗಿಯೂದ್ರೊಳಗ
ಪುಟ ಬಂದು ನಿಂತಿತ್ತು.

ಮರುದಿನ ಹುಲಿಗೆವ್ವನ ಪಿಂಚಣಿ ಪುಟಾನೂ ಪಟ್ಟಂತ ತೆರೀತು.
ಅರ್ಜಿ ಇನ್ನೂ ವಿಚಾರದಾಗೈತಿ
ಅಂತ ಇಂಗ್ಲೀಷಿನ್ಯಾಗ ಬರದಿತ್ತು, ಓದಿ ಹೇಳಿದೆ.
"ಅದಕ್ಕೆಷ್ಟು ಸೆಕೆಂಡು?" ಅಂದ್ಲು.

ಹೊರಗ ಇನಾಸನ ಸೈಕಲ್ ಗಂಟಿ.
ಮೂಲಿ ಮ್ಯಾಲೆ ನಿಂತ.
ನಾನು ಕರೀಲಿಲ್ಲ.
ಬೀಡಿ ಮುಗೀಲಿ.